ಬ್ರೇಕ್ ಇಲ್ಲದ ಎಡಗಡೆಯ ಸೀಟು

ಎರಡರಲ್ಲಿ ಒಂದನ್ನು ಬಿಡಬೇಕು ಎಂದು ನನ್ನ ಹೆಂಡತಿ ಹೇಳಿದ್ದು ಒಂದು ಸೋಮವಾರ ಸಂಜೆ, ಚಹಾದ ಹೊತ್ತಿಗೆ. ಭಾನುವಾರದ ಟ್ರ್ಯಾಕಿನಲ್ಲಿ ನಾನೇ ಕಾರು ಓಡಿಸುವುದು ಒಂದು. ಬೇರೆಯವರು ಓಡಿಸುವಾಗ ಎಡಗಡೆ ಕುಳಿತು ಅವರಿಗೆ ಕಲಿಸುವುದು ಇನ್ನೊಂದು. ಎರಡೂ ಒಟ್ಟಿಗೆ ಇನ್ನು ನಡೆಯುವುದಿಲ್ಲ. ಯಾವುದನ್ನು ಬಿಡುವುದೆಂಬ ತೀರ್ಮಾನವನ್ನು ನನಗೇ ಬಿಟ್ಟಿದ್ದಳು. ಮುಂದಿನ ಭಾನುವಾರ ಸಂಜೆಯೊಳಗೆ ಹೇಳಬೇಕಿತ್ತು.

"ಕಾರಣ ಸಮೇತ ಹೇಳ್ಬೇಕು," ಎಂದಳು. "'ಮೂಲಗಳ ಪ್ರಕಾರ' ಅಂತೆಲ್ಲ ಬೇಡ."

ಅವಳು ಬಂಟ್ವಾಳದಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ, ಕುತ್ತಿಗೆ, ಮೊಣಕಾಲು ಹಿಡಿದುಕೊಂಡು ಬರುವ ತಾಲೂಕಿನ ಜನ ಅವಳ ಮಂಚದ ಮೇಲೆ ಕವುಚಿ ಮಲಗುತ್ತಾರೆ. ಕವುಚಿ ಮಲಗಿದವರಿಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗಾಗಿ, ಮೊದಲು ವರದಿಗಾರನಾಗಿ ಆಮೇಲೆ ಡೆಸ್ಕಿನಲ್ಲಿ ಸಂಬಳ ತಿಂದ ನನಗಿಂತ ಮೊದಲೇ ಸುದ್ದಿಗಳು ಅವಳಿಗೆ ಮುಟ್ಟುತ್ತವೆ. ಹಿಂದಿನ ದಿನ ಮೂಡುಬಿದಿರೆಯ ದಂತವೈದ್ಯರೊಬ್ಬರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿ, ಕಾರನ್ನು ಮಣ್ಣಿನ ದಿಬ್ಬದ ಮೇಲೆ ಹತ್ತಿಸಿದ್ದರು. ಮನೆಗೆ ಬಂದ ನಾನು "ವಿಶೇಷ ಎಂತದೂ ಇಲ್ಲ" ಎಂದಿದ್ದೆ. ಸೋಮವಾರ ಬೆಳಿಗ್ಗೆ ಬಂದ ಮೊದಲ ಬೆನ್ನುನೋವಿನವರೇ ಅವಳಿಗೆ ಪೂರ್ತಿ ವರದಿ ಕೊಟ್ಟಿದ್ದರು, ದಿಬ್ಬದ ಎತ್ತರವನ್ನು ಸ್ವಲ್ಪ ಹೆಚ್ಚಿಸಿ.

ಟ್ರ್ಯಾಕ್ ಎಂದ ಕೂಡಲೇ ಡಾಮರು, ಗ್ಯಾಲರಿ, ಬಾವುಟ ಎಂದು ಯಾರೂ ತಿಳಿಯಬಾರದು. ಮೂಡುಬಿದಿರೆಯಿಂದ ಬೆಳ್ತಂಗಡಿ ಕಡೆಗೆ ಹೋಗುವಾಗ, ಯಾವುದೋ ಕಾರ್ಖಾನೆ ಬರುತ್ತದೆಂದು ಮಟ್ಟ ಮಾಡಿ ಬಿಟ್ಟ ಮುರಕಲ್ಲಿನ ಪದವು, ಎಂದರೆ ಕೆಂಪು ಕಲ್ಲಿನ ಬೋಳು ಬಯಲು, ಅದು. ಕಾರ್ಖಾನೆ ಬರಲಿಲ್ಲ, ಬಯಲು ಉಳಿಯಿತು. ಜಾಗ ಒಂದು ಹಳೆಯ ಜೈನ ಮನೆತನದ್ದು. ಅನುಮತಿ ಕೇಳಲು ಹೋದಾಗ ಆ ಮನೆಯ ಹಿರಿಯರು ಎರಡು ಷರತ್ತು ಹಾಕಿದರು. ಮಧ್ಯಾಹ್ನ ಅವರು ಮಲಗುವ ಹೊತ್ತಿಗೆ ಸದ್ದು ನಿಲ್ಲಬೇಕು. ಜಾಗದೊಳಗೆ ಮೊಟ್ಟೆಯ ಪಫ್ಸ್ ತರಬಾರದು. ಕಾರು ಮಗುಚುವುದರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ವ್ಯವಸ್ಥೆಯೆಲ್ಲ ಮೆಲ್ಕಾರಿನಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಗೆಳೆಯನದು. ಹಳೆಯ ಟಯರುಗಳನ್ನು ಸಾಲಾಗಿಟ್ಟು ತಿರುವುಗಳನ್ನು ಗುರುತು ಮಾಡುತ್ತಾನೆ. ಒಂದು ಸಲಕ್ಕೆ ಒಂದೇ ಕಾರು. ಹೆಲ್ಮೆಟ್ ಕಡ್ಡಾಯ, ಬೆಲ್ಟ್ ಕಡ್ಡಾಯ. ಗೇಟಿನ ಹತ್ತಿರ ಒಂದು ಆಂಬುಲೆನ್ಸ್ ನಿಂತಿರುತ್ತದೆ. ಅದರ ಚಾಲಕ ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೋಗಿದ್ದಾನೆಂದರೆ ಆ ದಿನ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಹೊಸಬರ ಪಕ್ಕದಲ್ಲಿ ಅನುಭವಿಯೊಬ್ಬ ಕುಳಿತು ಎಲ್ಲಿ ಬ್ರೇಕ್ ಹಾಕಬೇಕು, ಎಲ್ಲಿ ನೋಡಬೇಕು ಎಂದು ಹೇಳಬೇಕೆಂಬುದು ಗೆಳೆಯನ ನಿಯಮ. ಆ ಅನುಭವಿ ಹೆಚ್ಚಾಗಿ ನಾನೇ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಲ್ಲಿ ಜನ ತರುವುದು ಅವರವರ ಮನೆಯ ಕಾರು. ಎಡಗಡೆಯಲ್ಲಿ ಮ್ಯಾಟ್ ಮಾತ್ರ ಇರುತ್ತದೆ.

ವಾರವಿಡೀ ನಾನು ತೂಗಿ ನೋಡಿದೆ. ಡೆಸ್ಕಿನಲ್ಲಿ ಕುಳಿತವನ ಅಭ್ಯಾಸದಂತೆ ತಿಳಿದದ್ದನ್ನು ಒಂದು ಕಡೆ, ತಿಳಿಯದ್ದನ್ನು ಇನ್ನೊಂದು ಕಡೆ ಇಟ್ಟೆ. ನಾನೇ ಓಡಿಸುವಾಗ ಚಾಲಕ ಗೊತ್ತಿರುವವನು, ಕಾರು ಗೊತ್ತಿರುವುದು, ಬ್ರೇಕ್ ನನ್ನ ಕಾಲ ಕೆಳಗೆ. ಕಲಿಸುವಾಗ ಚಾಲಕ ಯಾರೋ, ಕಾರು ಯಾವುದೋ, ಬ್ರೇಕ್ ಅವರ ಕಾಲ ಕೆಳಗೆ. ಅವರ ಕಾಲು ಯಾವಾಗ ಎಲ್ಲಿಗೆ ಹೋಗುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ. ಅಪಘಾತದ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸಿದ್ಧ ಮಾತಿದೆ, 'ಚಾಲಕನ ನಿಯಂತ್ರಣ ತಪ್ಪಿ' ಎಂದು. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಎಷ್ಟು ಸಲ ಬರೆದೆನೋ ತಿದ್ದಿದೆನೋ ಲೆಕ್ಕವಿಲ್ಲ. 'ಸಹಪ್ರಯಾಣಿಕನ ನಿಯಂತ್ರಣ ತಪ್ಪಿ' ಎಂದು ಯಾರೂ ಬರೆದದ್ದಿಲ್ಲ. ಸಹಪ್ರಯಾಣಿಕನ ಹೆಸರು ಬರುವುದು ಕೊನೆಯ ಸಾಲಿನಲ್ಲಿ, ಆಸ್ಪತ್ರೆಯ ಹೆಸರಿನ ಜೊತೆ.

ಆದ್ದರಿಂದ ಕಲಿಸುವುದನ್ನು ಬಿಡುವುದೆಂದು ಶನಿವಾರ ತೀರ್ಮಾನಿಸಿದೆ. ಬೇಸರವಾಗದೆ ಇರಲಿಲ್ಲ. ಎಡಗಡೆ ಕುಳಿತರೆ ಮನುಷ್ಯರು ಎಷ್ಟು ಬೇಗ ಬಯಲಾಗುತ್ತಾರೆಂಬುದನ್ನು ನಾನು ಯಾವ ಪತ್ರಿಕಾಗೋಷ್ಠಿಯಲ್ಲೂ ಕಂಡಿರಲಿಲ್ಲ. ಆದರೆ ನಾನೇ ಓಡಿಸುವಾಗ, ಕೆಂಪು ಮಣ್ಣಿನಲ್ಲಿ ಹಿಂದಿನ ಚಕ್ರ ಒಂದಿಷ್ಟು ಜಾರಿ ಮತ್ತೆ ಹಿಡಿದುಕೊಳ್ಳುವ ಆ ಗಳಿಗೆ ಇದೆಯಲ್ಲ, ಆಗ ತಲೆಯೊಳಗೆ ಒಂದು ಫೋನೂ ರಿಂಗಾಗುವುದಿಲ್ಲ. ಅದನ್ನು ಬಿಡಲು ನಾನು ತಯಾರಿರಲಿಲ್ಲ.

ಗ್ಯಾರೇಜಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ.

"ಆಯ್ತು ಮಾರಾಯ," ಎಂದ. "ನಾಳೆ ಒಬ್ಬರು ದೊಡ್ಡವರು ಬರ್ತಾರೆ. ಅವರದ್ದೊಂದು ಮಾಡಿ ಬಿಡು."

"ದೊಡ್ಡವರು ಅಂದ್ರೆ?"

"ಕೋಣ ಇರುವವರು."

ನಮ್ಮ ಕಡೆ ಇದಕ್ಕೆ ಹೆಚ್ಚಿನ ವಿವರಣೆ ಬೇಡ. ಬೇರೆ ಕಡೆಯವರಿಗೆ ಹೇಳುವುದಾದರೆ, ಕಂಬಳದ ಕರೆಯಲ್ಲಿ, ಎಂದರೆ ಓಟದ ಕೆಸರುಗದ್ದೆಯಲ್ಲಿ, ಓಡುವ ಕೋಣಗಳನ್ನು ಸಾಕುವವರಿಗೆ ಯಜಮಾನರು ಎಂದು ಹೆಸರು. ಕೋಣಗಳ ಹಿಂದೆ ಹಗ್ಗ ಹಿಡಿದು ಓಡುವವನು ಓಟಗಾರ, ಅವನೇ ಬೇರೆ. ಯಜಮಾನರು ಬಿಳಿ ಬಟ್ಟೆಯಲ್ಲಿ, ಕೆಸರು ಹಾರದಷ್ಟು ದೂರದಲ್ಲಿ ನಿಂತಿರುತ್ತಾರೆ. ಗೆದ್ದರೆ ಮೈಕಿನಲ್ಲಿ ಮೊದಲು ಕೇಳುವುದು ಅವರ ಮನೆಯ ಹೆಸರು.

ಭಾನುವಾರ ಬೆಳಿಗ್ಗೆ ಮಾಣಿ ಕಡೆಯಿಂದ ಮೂರು ವಾಹನಗಳು ಸಾಲಾಗಿ ಬಂದವು. ನಡುವಿನದು ಹೊಸ ಕಪ್ಪು ಜೀಪು, ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಬಿಳಿ ಪಂಚೆ, ಬಿಳಿ ಅಂಗಿಯ ಯಜಮಾನರು ಇಳಿದರು. ಹಿಂದಿನ ವಾಹನಗಳಿಂದ ಅವರ ಜನ ಇಳಿದರು. ಜೀಪು ಓಡಿಸಿಕೊಂಡು ಬಂದವನು ಕಕ್ಕಿಂಜೆಯವನು, ಚಾರ್ಮಾಡಿ ಘಾಟಿಯಲ್ಲಿ ಬಾಡಿಗೆ ಗಾಡಿ ಓಡಿಸಿ ಪಳಗಿದವನು. ಅವನು ಮಾತ್ರ ಇಳಿಯಲಿಲ್ಲ. ಯಜಮಾನರು ಅವನಿಗೆ, "ಸರಿ, ಓಡಿಸು," ಎಂದು ಹೇಳಿ, ಟ್ರ್ಯಾಕ್ ಮುಗಿಯುವ ಜಾಗ ಯಾವುದೆಂದು ವಿಚಾರಿಸಿ, ಅಲ್ಲಿ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಜನ ಎರಡೂ ಬದಿಗೆ ನಿಂತರು.

ಗ್ಯಾರೇಜಿನ ಗೆಳೆಯ ಓಡಿಹೋಗಿ, "ಅಲ್ಲ, ಇಲ್ಲಿ ನೀವೇ ಓಡಿಸ್ಬೇಕು. ಕಲಿಯುವುದು ನೀವಲ್ವಾ," ಎಂದ.

ಯಜಮಾನರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಾನಾ? ಕೋಣದ ಹಿಂದೆ ಯಜಮಾನ ಓಡುದನ್ನು ನೀವು ಎಲ್ಲಿಯಾದ್ರೂ ಕಂಡಿದ್ದೀರಾ ಮಾರಾಯ್ರೆ? ಗಾಡಿ ನನ್ನದು. ಓಡುವವ ಅವ. ಇದರಲ್ಲಿ ಕಲಿಲಿಕ್ಕೆ ಎಂತ ಉಂಟು?"

ಗೆಳೆಯ ನನ್ನ ಕಡೆ ನೋಡಿದ. ನಾನು ಹೋಗಿ ಎಡಗಡೆ ಕುಳಿತೆ.

ಕಕ್ಕಿಂಜೆಯವನು ಒಂದು ಟಯರನ್ನೂ ಮುಟ್ಟಲಿಲ್ಲ. ಆದರೆ ಪ್ರತಿ ತಿರುವಿಗೂ ಮೊದಲು ಹಾರ್ನ್ ಹೊಡೆದ, ಘಾಟಿಯಲ್ಲಿ ಎದುರು ಬಸ್ಸು ಬರುವಾಗ ಹೊಡೆಯುವಷ್ಟೇ ಉದ್ದಕ್ಕೆ.

"ಇಲ್ಲಿ ಎದುರಿಂದ ಯಾರೂ ಬರುವುದಿಲ್ಲ," ಎಂದೆ.

"ಹೌದು ಸಾರ್," ಎಂದು ಮುಂದಿನ ತಿರುವಿಗೂ ಹೊಡೆದ.

ನಾವು ಮರಳಿ ಬಂದಾಗ ಚಪ್ಪಾಳೆ ಬಿತ್ತು. ಜೀಪಿನ ಹತ್ತಿರ ಯಾರೂ ಬರಲಿಲ್ಲ. ಎಲ್ಲರೂ ಯಜಮಾನರ ಕೈ ಕುಲುಕಿದರು. ಅವರು ತಾವು ಸ್ವಲ್ಪ ದಣಿದವರಂತೆ ಹಣೆ ಒರೆಸಿಕೊಂಡರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ವಾರ ದಿಬ್ಬ ಹತ್ತಿದ ದಂತವೈದ್ಯರು ಅಲ್ಲೇ ಇದ್ದರು.

"ನಾನೆಲ್ಲ ನಾನೇ ಓಡಿಸುದು ಯಜಮಾನರೇ," ಎಂದರು, ಬೇಕೆಂದೇ.

"ಹಾಗೋ?"

"ಹೌದು. ಸ್ವಲ್ಪ ಧೈರ್ಯ ಬೇಕಾಗ್ತದೆ. ಎಲ್ಲರಿಂದ ಆಗುದಿಲ್ಲ."

ಯಜಮಾನರು ಅವರನ್ನು ನೋಡಿದರು, ಅವರ ಹಿಂದಿದ್ದ ಮಣ್ಣಿನ ದಿಬ್ಬವನ್ನು ನೋಡಿದರು. "ಬಾಯಿಗೆ ಕೈ ಹಾಕುವವರು ಓಡಿಸ್ತಾರಂತಾದ್ರೆ ನಮಗೆ ಎಂತ ರೋಗ," ಎಂದು ಪಂಚೆ ಎತ್ತಿ ಕಟ್ಟಿ, ಕಕ್ಕಿಂಜೆಯವನನ್ನು ಇಳಿಸಿ, ಹೆಲ್ಮೆಟ್ ತರಲು ಹೇಳಿದರು.

ಇದು ನನ್ನ ಕೊನೆಯ ಸವಾರಿ ಎಂದು ನನಗೆ ಗೊತ್ತಿತ್ತು, ಎಷ್ಟರ ಮಟ್ಟಿಗೆ ಕೊನೆಯದು ಎಂಬುದಷ್ಟೇ ಗೊತ್ತಿರಲಿಲ್ಲ. ಪಂಚೆ ಪೆಡಲಿಗೆ ಸಿಕ್ಕದಂತೆ ಕಟ್ಟಿಸಿದೆ. ಬೆಲ್ಟ್ ಎಳೆದು ನೋಡಿದೆ. ಮೊದಲ ಸುತ್ತು ನಿಧಾನಕ್ಕೆ ಹೋಗುವ ಎಂದೆ. ನಿಧಾನಕ್ಕೆ ಹೋದರು. ಕೈ ಸ್ಥಿರ, ದೃಷ್ಟಿ ಮುಂದೆ, ಹೇಳಿದ ಕಡೆ ಬ್ರೇಕ್. ಕೆಟ್ಟ ಚಾಲಕರಲ್ಲ. ಎರಡನೆಯ ಸುತ್ತಿಗೆ ಒಂದಿಷ್ಟು ವೇಗ ಏರಿಸಿದರು. ದೊಡ್ಡ ತಿರುವಿನ ಹೊರಬದಿಯಲ್ಲಿ ಮುರಕಲ್ಲುಗಳನ್ನು ಪೇರಿಸಿಟ್ಟಿದ್ದರು. ಅದರ ಆಚೆ ಸಾಕಷ್ಟು ದೂರದಲ್ಲಿ ಯಜಮಾನರ ಜನ ಬಂದು ನಿಂತಿದ್ದರು. ಅವರಲ್ಲಿ ಹಿರಿಯರೊಬ್ಬರು ಜೀಪು ಬರುವುದನ್ನು ನೋಡಿ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು.

ಯಜಮಾನರು ಸ್ಟಿಯರಿಂಗಿನಿಂದ ಬಲಗೈ ತೆಗೆದು ಹಣೆಗೆ ಮುಟ್ಟಿಸಿದರು.

ಅವಸರವಿಲ್ಲದೆ ಮಾಡಿದರು, ಮದುವೆ ಮನೆಯ ಚಪ್ಪರ ದಾಟುವಾಗ ಮಾಡುವ ಹಾಗೆ. ಅಷ್ಟರಲ್ಲಿ ತಿರುವು ಬಂದಿತ್ತು, ಜೀಪು ತಿರುಗಲಿಲ್ಲ. ಕಲ್ಲಿನ ರಾಶಿ ಗಾಜಿನ ತುಂಬ ಆಯಿತು. ನನ್ನ ತಲೆಯಲ್ಲಿ ತಾನಾಗಿಯೇ ಸುದ್ದಿ ಸಿದ್ಧವಾಗುತ್ತಿತ್ತು, ಕೊನೆಯ ಸಾಲಿನವರೆಗೂ. ಬಾಯಿ ಮಾತ್ರ "ಬ್ರೇಕ್, ಬ್ರೇಕ್, ಬ್ರೇಕ್" ಎನ್ನುತ್ತಿತ್ತು. ನನ್ನ ಬಲಗಾಲು ಎಡಗಡೆಯ ಮ್ಯಾಟನ್ನು ತುಳಿದ ಬಲಕ್ಕೆ ಅಲ್ಲೊಂದು ಪೆಡಲು ಇದ್ದಿದ್ದರೆ ಮುರಿಯುತ್ತಿತ್ತು. ಯಜಮಾನರೂ ತುಳಿದರು. ಜೀಪು ಜಾರಿ, ಅಡ್ಡಕ್ಕೆ ತಿರುಗಿ, ನಿಂತಿತು. ಧೂಳು ಇಳಿದಾಗ ಕಲ್ಲಿನ ರಾಶಿಗೂ ನಮಗೂ ನಡುವೆ ಒಬ್ಬ ಮನುಷ್ಯ ಆರಾಮವಾಗಿ ನಿಲ್ಲುವಷ್ಟು ಜಾಗ ಇತ್ತು. ಗೇಟಿನ ಹತ್ತಿರ ಆಂಬುಲೆನ್ಸಿನ ಚಾಲಕ ಎದ್ದು ಕುಳಿತಿದ್ದ.

ಯಜಮಾನರು ಎಂಜಿನ್ ಆಫ್ ಮಾಡಿದರು.

"ಕೈ ಯಾಕೆ ತೆಗೆದದ್ದು?" ಎಂದೆ.

"ಅವರು ಕೈ ಮುಗಿದರಲ್ಲ. ಪ್ರಾಯದವರು. ನೋಡದ ಹಾಗೆ ಹೋಗ್ಲಿಕ್ಕೆ ಆಗ್ತದಾ?"

"ತಲೆ ಅಲ್ಲಾಡಿಸಿದ್ರೆ ಸಾಕಿತ್ತು."

"ತಲೆಗೆ ಈ ಹೆಲ್ಮೆಟ್ಟಿನ ಚಟ್ಟಿ ಹಾಕಿದ ಮೇಲೆ ತಲೆ ಅಲ್ಲಾಡಿಸಿದ್ದು ಯಾರಿಗೆ ಗೊತ್ತಾಗ್ತದೆ? ನಗಾಡಿದ್ರೂ ಕಾಣುದಿಲ್ಲ. ಕೈ ಎತ್ತದೆ ಮತ್ತೆಂತ ಮಾಡುದು ನೀವೇ ಹೇಳಿ."

ತಪ್ಪು ಹುಡುಕಲು ಆಗದಷ್ಟು ನೇರವಾದ ವಾದ. ಚುನಾವಣೆಗೆ ನಿಂತವರಿಂದ ಹಿಡಿದು ಸೊಸೈಟಿಯ ಅಧ್ಯಕ್ಷರವರೆಗೆ ನಮ್ಮೂರಿನ ಯಾವ ದೊಡ್ಡವರನ್ನು ಆ ಸೀಟಿನಲ್ಲಿ ಕೂರಿಸಿದರೂ ಆ ಕೈ ಮೇಲೇಳುತ್ತಿತ್ತು. ಹಾಗಾಗಿ ನಾನು ಯಜಮಾನರನ್ನು ತಿದ್ದಲು ಹೋಗಲಿಲ್ಲ. ಇಳಿದು ಅವರ ಜನರ ಹತ್ತಿರ ಹೋಗಿ, ಇನ್ನು ಜೀಪು ಬರುವಾಗ ಎಲ್ಲರೂ ಬೆನ್ನು ಹಾಕಿ ನಿಲ್ಲಬೇಕು ಎಂದೆ.

"ಯಜಮಾನರಿಗೆ ಬೆನ್ನು ಹಾಕುದಾ?" ಎಂದರು ಆ ಹಿರಿಯರು. "ಅದೆಂತ ಮಾತು?"

"ನಿಮ್ಮ ಮುಖ ಕಂಡರೆ ಅವರ ಕೈ ಏಳ್ತದೆ. ಕೈ ಎದ್ದರೆ ಜೀಪು ಕಲ್ಲಿಗೆ ಹೋಗ್ತದೆ."

ಅವರು ನಂಬಲಿಲ್ಲ. ಕೊನೆಗೆ ಯಜಮಾನರೇ ಗಾಜು ಇಳಿಸಿ, "ತಿರುಗಿ ನಿಲ್ಲಿಯಪ್ಪ, ಒಮ್ಮೆ," ಎಂದು ಅಪ್ಪಣೆ ಕೊಡಬೇಕಾಯಿತು. ಮುಂದಿನ ಸುತ್ತುಗಳು ಚೊಕ್ಕವಾಗಿ ನಡೆದವು. ದೊಡ್ಡ ತಿರುವಿಗೆ ಬಂದಾಗಲೆಲ್ಲ ಒಂದು ಸಾಲು ಬಿಳಿ ಪಂಚೆಗಳು ನಮಗೆ ಬೆನ್ನು ಮಾಡಿ, ಯಾರೋ ಕಾಡಿನ ಕಡೆಯಿಂದ ಬರುವುದನ್ನು ಕಾಯುವವರಂತೆ, ಅಲುಗಾಡದೆ ನಿಂತಿರುತ್ತಿದ್ದವು.

ಆಮೇಲೆ ನನ್ನ ಸರದಿ. ನನ್ನ ಹಳೆಯ ಸಣ್ಣ ಕಾರು, ನಾನೊಬ್ಬನೇ. ಬೆಳಗಿನಿಂದ ಬಿಗಿಹಿಡಿದದ್ದೆಲ್ಲ ಸಡಿಲವಾಯಿತು. ಅಷ್ಟು ಹಗುರವಾಗಿ ಅದಕ್ಕೆ ಮೊದಲು ನಾನು ಓಡಿಸಿದ್ದು ನೆನಪಿಲ್ಲ. ಇಳಿದು ಬಂದಾಗ ನನ್ನ ತೀರ್ಮಾನ ಸರಿಯೆಂದು ಖಾತ್ರಿಯಾಗಿತ್ತು. ಸಂಜೆ ಹೆಂಡತಿಗೆ ಹೇಳಬೇಕಾದ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ.

ಗ್ಯಾರೇಜಿನ ಗೆಳೆಯ ದೊಡ್ಡ ತಿರುವಿನ ಹತ್ತಿರ ನಿಂತು ನೆಲ ನೋಡುತ್ತಿದ್ದ. "ಬಾ ಇಲ್ಲಿ," ಎಂದ. ಕಲ್ಲಿನ ರಾಶಿಯ ಎದುರು ಜೀಪು ಜಾರಿದ ಅಗಲ ಗುರುತು ಇತ್ತು. ಅದಕ್ಕಿಂತ ಆಚೆ, ಕಲ್ಲಿಗೆ ಇನ್ನೂ ಹತ್ತಿರದಲ್ಲಿ, ಸಪೂರ ಟಯರಿನ ಇನ್ನೊಂದು ಗುರುತು.

"ಇದು ಯಾರದ್ದು?" ಎಂದೆ.

"ಯಾರದ್ದು ಅಂತ ನನ್ನತ್ರ ಕೇಳ್ತೀಯಾ?" ಎಂದ. "ಆಗ ನಾನು ಕಣ್ಣು ಮುಚ್ಚಿದ್ದೆ ಮಾರಾಯ."

ನಾನು ಕಾರಿನ ಟಯರು ನೋಡಿ ಬಂದೆ. ನನ್ನದೇ. ಅಲ್ಲಿ ಅಷ್ಟು ಹತ್ತಿರ ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಸಂಜೆ ಮನೆಯಲ್ಲಿ ಕಾರಣ ಸಮೇತ ಹೇಳಿದೆ. ಗೊತ್ತಿರುವ ಚಾಲಕ, ಗೊತ್ತಿರುವ ಕಾರು, ಕಾಲ ಕೆಳಗಿನ ಬ್ರೇಕ್. ಕಲಿಸುವುದನ್ನು ಬಿಡುತ್ತೇನೆ. ಯಜಮಾನರ ನಮಸ್ಕಾರದ ಸುದ್ದಿಯನ್ನೂ ಸೇರಿಸಿದೆ, ಬೆಳಗಾದರೆ ಅದು ಮಂಚದ ಮೇಲೆ ಬಂದೇ ಬರುತ್ತದೆಂದು. ಅವಳು ಬೆನ್ನು ಹಾಕಿದ ಪಂಚೆಗಳ ವಿಷಯಕ್ಕೆ ನಕ್ಕಳು. ಆಮೇಲೆ ನನ್ನ ಹಿಂದೆ ಬಂದು ನಿಂತು ತಲೆ ಹಿಡಿದು ಬಲಕ್ಕೆ ತಿರುಗಿಸಿದಳು. ತಿರುಗಲಿಲ್ಲ.

"ಇದು ಯಾವಾಗ ಹಿಡ್ಕೊಂಡದ್ದು?"

"ಅವರು ಕೈ ಎತ್ತುವಾಗ."

"ನೀವು ಓಡಿಸುವಾಗ ನೋವು ಇತ್ತಾ?"

"ಇಲ್ಲ. ಗೊತ್ತೇ ಆಗಲಿಲ್ಲ."

"ಮತ್ತೆಂತ ಗೊತ್ತಾಗಲಿಲ್ಲ?"

ಮೂವತ್ತು ವರ್ಷ ಬೇರೆಯವರಿಗೆ ಪ್ರಶ್ನೆ ಕೇಳಿ ಹೊಟ್ಟೆ ಹೊರೆದವನಿಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಹೊಳೆದಿರಲಿಲ್ಲ. ಸಪೂರ ಟಯರಿನ ಗುರುತಿನ ವಿಷಯ ಹೇಳಬೇಕಾಯಿತು. ಎಷ್ಟು ಹತ್ತಿರ ಎಂದು ಕೇಳಿದಳು. ಕೈ ಅಗಲಿಸಿ ತೋರಿಸಿದೆ. ಅವಳು ನನ್ನ ಎರಡು ಕೈಗಳನ್ನೂ ಹಿಡಿದು ಸ್ವಲ್ಪ ಹತ್ತಿರ ತಂದು, "ಇಷ್ಟಾ?" ಎಂದಳು.

"ಹೆಚ್ಚು ಕಡಿಮೆ."

"ಎಡಗಡೆ ಕೂತಾಗ ನೀವು ಹೆದರ್ತೀರಿ," ಎಂದಳು. "ಹೆದರಿ ಬೆಲ್ಟ್ ಎಳೆದು ನೋಡ್ತೀರಿ, ಪಂಚೆ ಕಟ್ಟಿಸ್ತೀರಿ, ಇಡೀ ಊರನ್ನು ತಿರುಗಿಸಿ ನಿಲ್ಲಿಸ್ತೀರಿ. ನೀವು ಓಡಿಸುವಾಗ ನಿಮ್ಮ ಎಡಗಡೆ ಯಾರಿದ್ದಾರೆ ಹೆದರ್ಲಿಕ್ಕೆ?"

ಯಾರೂ ಇಲ್ಲ ಎಂದೆ.

"ಹಾಗಾದ್ರೆ ಬಿಡ್ಬೇಕಾದ್ದು ಯಾವುದು?"

ಸ್ವಲ್ಪ ಹೊತ್ತು ಚರ್ಚೆ ಮಾಡಿದೆ. ದಂತವೈದ್ಯರನ್ನು ಸಾಕ್ಷಿಗೆ ಕರೆದೆ, ಮ್ಯಾಟಿನ ಕತೆ ಹೇಳಿದೆ. ಅವಳು ಒಪ್ಪಿದಳು, ಅಪಾಯ ಅಲ್ಲೂ ಇದೆ ಎಂದಳು, ಹೆದರಿಕೆ ಹೋದ ದಿನ ಅದನ್ನೂ ಬಿಡಬೇಕು ಎಂದಳು. ಹೆಬ್ಬೆರಳು ಅಷ್ಟರಲ್ಲಿ ನನ್ನ ಕುತ್ತಿಗೆಯ ನರದ ಮೇಲಿತ್ತು. ಅಂಥ ಸ್ಥಿತಿಯಲ್ಲಿ ವಾದ ಗೆದ್ದವರನ್ನು ನಾನು ಕಂಡಿಲ್ಲ. ನಾನೇ ಓಡಿಸುವುದನ್ನು ಬಿಟ್ಟೆ.

ಮುಂದಿನ ಭಾನುವಾರ ನನ್ನ ಕಾರನ್ನು ಗೇಟಿನ ಹೊರಗೇ ನಿಲ್ಲಿಸಿದೆ. ಒಳಗೆ ನಡೆದುಕೊಂಡು ಹೋಗುವಾಗ ಯಾರದೋ ಕಾರು ದೊಡ್ಡ ತಿರುವಿನಲ್ಲಿ ಜಾರಿ ಹಿಡಿದುಕೊಂಡ ಸದ್ದು ಕೇಳಿತು. ಹೊಟ್ಟೆಕಿಚ್ಚಾಗಲಿಲ್ಲ ಎಂದು ಬರೆದರೆ ಅದು ತಪ್ಪು ವರದಿಯಾಗುತ್ತದೆ. ಗ್ಯಾರೇಜಿನ ಗೆಳೆಯ ಎಲ್ಲ ಕೇಳಿ, "ನಿನ್ನ ಹೆಂಡತಿಯನ್ನೇ ಕರ್ಕೊಂಡು ಬಾ, ನಮಗೆ ಆಂಬುಲೆನ್ಸ್ ಬೇಡ," ಎಂದ.

ಕಪ್ಪು ಜೀಪು ಬಂದಿತ್ತು. ಯಜಮಾನರು ಈ ಸಲ ಪ್ಯಾಂಟು ಹಾಕಿ, ಹೆಲ್ಮೆಟ್ ಹಾಕಿ, ಬಲಗಡೆಯಲ್ಲಿ ತಯಾರಾಗಿ ಕುಳಿತಿದ್ದರು. ಅವರ ಜನ ಹೇಳುವ ಮೊದಲೇ ತಿರುಗಿ ನಿಂತಿದ್ದರು, ಹೊರಡುವ ಜಾಗದಲ್ಲೂ, ಜೀಪಿನ ಬಾಗಿಲಿನಿಂದ ಕೈಗೆಟಕುವಷ್ಟು ಹತ್ತಿರದಲ್ಲಿ. ನಾನು ಎಡಗಡೆ ಕುಳಿತು ಬೆಲ್ಟ್ ಹಾಕಿದೆ. ಆ ವಾರದಿಂದ ಎಲ್ಲರಿಗೂ ಕೇಳುವುದೆಂದು ಇಟ್ಟುಕೊಂಡ ಪ್ರಶ್ನೆಯನ್ನು ಮೊದಲು ಅವರಿಗೇ ಕೇಳಿದೆ.

"ಹೆದರಿಕೆ ಉಂಟಾ?"

"ಹೆದರಿಕೆಯಾ?" ಎಂದರು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನನಗಾ?"

"ಇಲ್ಲದಿದ್ರೆ ನಾನು ಇಳಿಯುತ್ತೇನೆ. ನಮ್ಮ ಹೊಸ ನಿಯಮ."

ಹೊರಗಿನ ಬೆನ್ನುಗಳಲ್ಲಿ ಒಂದೆರಡು ನೆಟ್ಟಗಾದವು. ಯಜಮಾನರು ಮುಂದೆ ನೋಡಿದರು, ಕನ್ನಡಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಬದಿಯ ಗ್ಲಾಸ್ ಮೇಲೆ ಮಾಡಿ," ಎಂದರು. ಮಾಡಿದೆ. ತಮ್ಮದನ್ನೂ ಏರಿಸಿದರು, ಪೂರ್ತಿ ಮುಚ್ಚಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರು.

"ಹೆದರಿಕೆ ಸ್ವಲ್ಪ ಅಲ್ಲ ಮಾರಾಯ್ರೆ, ಲಾಯ್ಕ ಜೋರೇ ಉಂಟು," ಎಂದರು. "ಹೋಗುವನಾ?"

ಹೋಗುವ ಎಂದೆ.